ಡೆನ್ವರ್‌ನಿಂದ ಷಿಕಾಗೋಗೆ, ಕ್ಯಾಪ್ಟನ್ ಡೈರಿ ಜೊತೆ

ನಮ್ಮ ಕ್ಯಾಪ್ಟನ್ ತೀರಿಕೊಂಡು ಒಂದು ವರ್ಷದ ಮೇಲಾಯಿತು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕಿಸಿಕೊಳ್ಳುವುದು ಅಂದರೆ ಅವರಿಗೆ ಆಗುತ್ತಿರಲಿಲ್ಲ, ಬಡ್ತಿ ಪತ್ರದಲ್ಲೂ ಮುಜುಗರದಿಂದಲೇ ಸಹಿ ಹಾಕಿದವರು. ನನಗೆ ವಿಮಾನದ ಬಲ ಸೀಟಿನಲ್ಲಿ ಕೋ-ಪೈಲಟ್ ಆಗಿ ಕೂರುವುದು ಕಲಿಸಿದವರು ಅವರು, ಆಮೇಲೆ ಕ್ಯಾಪ್ಟನ್ ಕೂರುವ ಎಡ ಸೀಟಿಗೆ ತಂದು ಕೂರಿಸಿದವರೂ ಅವರೇ.

ಅವರಿಗೆ ಒಂದು ಹುಚ್ಚಿತ್ತು. ಯಾವ ತರಗತಿ ಇರಲಿ, ಮಳೆ ಬಗ್ಗೆ ಇರಲಿ, ಇಂಧನದ ಲೆಕ್ಕ ಇರಲಿ, ಹೇಗೋ ಸುತ್ತಿಸಿ ಯುನೈಟೆಡ್ 232ಕ್ಕೆ ತಂದು ನಿಲ್ಲಿಸುತ್ತಿದ್ದರು. ಅದು 1989ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ಬಿದ್ದ ಯುನೈಟೆಡ್ ಕಂಪನಿಯ ವಿಮಾನ. ಅದರ ಕ್ಯಾಪ್ಟನ್ ಆಲ್ ಹೇನ್ಸ್. ಒಮ್ಮೆ ಹೇನ್ಸ್ ಭಾಷಣವನ್ನು ನಮ್ಮ ಸರ್ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದರಂತೆ. ಅಲ್ಲಿಂದ ಬಂದಮೇಲೆ, ಆ ಸೂ ಸಿಟಿಗೆ ಒಂದು ಸಲ ಹೋಗಬೇಕು ಕಣಪ್ಪಾ ಅನ್ನುತ್ತಲೇ ಇದ್ದರು. ಹೋಗಲಿಲ್ಲ. ರಜೆ ಸಿಕ್ಕಾಗ ಸಿಮ್ಯುಲೇಟರ್‌ನಲ್ಲಿ, ಅಂದರೆ ತರಬೇತಿಯ ನಕಲಿ ಕಾಕ್‌ಪಿಟ್‌ನಲ್ಲಿ, ಯಾರಿಗೋ ಪಾಠ ಇರುತ್ತಿತ್ತು.

ಅವರ ಮಗಳು ಡೆನ್ವರ್‌ನಲ್ಲಿ ನರ್ಸ್. ನನ್ನನ್ನು ಅಣ್ಣ ಅನ್ನುತ್ತಾಳೆ. "ಅಪ್ಪನ ಬದಲು ನಾವೇ ಹೋಗಿ ಬರೋಣ, ಕಾರು ನಾನು ಓಡಿಸ್ತೀನಿ" ಅಂತ ಅವಳೇ ಫೋನ್ ಮಾಡಿದಳು. 232 ಹೊರಟ ಡೆನ್ವರ್‌ನಿಂದ, ಅದು ತಲುಪಬೇಕಿದ್ದ ಷಿಕಾಗೋವರೆಗೆ. ಐದು ದಿನ.

ಮೊದಲ ದಿನ, ಡೆನ್ವರ್

232 ಹೊರಟ ವಿಮಾನ ನಿಲ್ದಾಣವೇ ಈಗ ಇಲ್ಲ. ಸ್ಟೇಪಲ್‌ಟನ್ 1995ರಲ್ಲಿ ಮುಚ್ಚಿತು, ಹೊಸ ನಿಲ್ದಾಣ ಊರಿಂದ ತುಂಬಾ ಆಚೆ ಬಂತು. ಹಳೇ ರನ್‌ವೇಗಳ ಜಾಗದಲ್ಲಿ ಈಗ ಮನೆಗಳು, ಪಾರ್ಕು, ಸೈಕಲ್ ಹೊಡೆಯುವ ಮಕ್ಕಳು. ಕಂಟ್ರೋಲ್ ಟವರ್ ಒಂದನ್ನು ಮಾತ್ರ ಕೆಡವದೆ ಉಳಿಸಿದ್ದಾರೆ. ಅದರ ಕೆಳಗೆ ನಿಂತು ತಲೆಯೆತ್ತಿ ನೋಡಿದೆವು. ನಿಜ ಹೇಳಬೇಕು ಅಂದರೆ ನನಗೆ ಏನೂ ಅನ್ನಿಸಲಿಲ್ಲ. ವಿಮಾನ ಇಲ್ಲದ ಟವರ್ ಅಂದರೆ ನೀರಿಲ್ಲದ ಬಾವಿಯ ಹಾಗೆ.

ಅವಳು ಕಾರಿನ ಹಿಂದಿನ ಸೀಟಿನಿಂದ ಒಂದು ಶೂ ಡಬ್ಬ ತಂದಳು. ಒಳಗೆ ಸಣ್ಣ ಸಣ್ಣ ಪಾಕೆಟ್ ಡೈರಿಗಳು, ಎಲ್ಲಕ್ಕೂ ರಬ್ಬರ್ ಬ್ಯಾಂಡ್. ಒಂದರ ಬ್ಯಾಂಡಿಗೆ ಪೆನ್ಸಿಲ್ ಚೂರು ಸಿಕ್ಕಿಸಿತ್ತು, ಹೆಬ್ಬೆರಳಿನಷ್ಟು ಉದ್ದ, ಹಿಂಬದಿಯಲ್ಲಿ ಹಲ್ಲಿನ ಗುರುತು. ಆ ಪೆನ್ಸಿಲ್ ನೋಡಿದ ತಕ್ಷಣ ಗಂಟಲು ಕಟ್ಟಿತು. ಟವರ್ ಮಾಡದ ಕೆಲಸ ಅದು ಮಾಡಿತು.

"ಅಮ್ಮ ಹಳೇ ಪೇಪರ್ ಜೊತೆ ಹಾಕೋದ್ರಲ್ಲಿದ್ರು, ನಾನು ಎತ್ತಿಟ್ಕೊಂಡೆ. ಇದರಲ್ಲಿ ಏನು ಬರೀತಿದ್ರು ಅಂತ ನಿಮಗೆ ಗೊತ್ತಾ ಅಣ್ಣ?"

ಬರೆಯುವುದು ಗೊತ್ತಿತ್ತು. ಎಂಜಿನ್ ಆರಿಸಿ, ಚೆಕ್‌ಲಿಸ್ಟ್ ಮುಗಿಸಿ, ಟೋಪಿ ಹಾಕಿಕೊಳ್ಳುವ ಮುಂಚೆ ಏನೋ ಒಂದು ಗೀಚಿ ಜೇಬಿಗೆ ಹಾಕುತ್ತಿದ್ದರು. ಏನು ಅಂತ ನಾವ್ಯಾರೂ ಕೇಳಿರಲಿಲ್ಲ. ಅವಳು ಒಂದು ತೆಗೆದು ತೋರಿಸಿದಳು. ತಾರೀಖು, ಎಲ್ಲಿಂದ ಎಲ್ಲಿಗೆ, ಆಮೇಲೆ ಒಂದೇ ಸಾಲು. ಎಲ್ಲಾ ಕನ್ನಡದಲ್ಲಿ.

"ಇಂಧನದ ಲೆಕ್ಕ ಒಂದೇ ಸಲ ನೋಡಿದೆ."

"ಕುಲುಕಾಟ ಬರುತ್ತೆ ಅಂತ ಕ್ಯಾಬಿನ್‌ಗೆ ತಡವಾಗಿ ಹೇಳಿದೆ."

"ಕೋ-ಪೈಲಟ್ ಹೆಂಡತಿಗೆ ಹೆರಿಗೆ ಆಯ್ತಾ ಅಂತ ಕೇಳಲಿಲ್ಲ."

ಪ್ರತಿ ಹಾರಾಟಕ್ಕೂ ಅವತ್ತು ತಾವು ಮರೆತದ್ದು ಒಂದು. ಇಡೀ ಡಬ್ಬ ಅದೇ. ಇಪ್ಪತ್ತು ಸಾವಿರ ಗಂಟೆ ಹಾರಿದ ಮನುಷ್ಯನ ಮರೆವಿನ ಲೆಕ್ಕ.

ಎರಡನೇ ದಿನ, ರಸ್ತೆ

ಡೆನ್ವರ್‌ನಿಂದ ಸೂ ಸಿಟಿಗೆ ಸಾವಿರ ಕಿಲೋಮೀಟರ್ ಚಿಲ್ಲರೆ. ನೆಬ್ರಾಸ್ಕಾ ಪೂರ್ತಿ ಅಡ್ಡಡ್ಡ ದಾಟಬೇಕು. 80ನೇ ಹೆದ್ದಾರಿ ನೇರ ಅಂದರೆ ನೇರ, ಎರಡೂ ಕಡೆ ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ಇದರ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯೋಕೆ ಏನೂ ಇಲ್ಲ.

ಮಾತಿಗೆ ಹೊತ್ತಿತ್ತು. ಅಪ್ಪ 232ರ ಬಗ್ಗೆ ಅಷ್ಟೊಂದು ಯಾಕೆ ಹೇಳುತ್ತಿದ್ದರು ಅಂತ ಅವಳು ಕೇಳಿದಳು. ಸರ್ ಹೇಳುತ್ತಿದ್ದ ಹಾಗೇ ಹೇಳಿದೆ.

1989ರ ಜುಲೈ 19. ಡಿಸಿ-10 ವಿಮಾನ, 296 ಜನ. ಅದಕ್ಕೆ ಮೂರು ಎಂಜಿನ್, ಎರಡು ರೆಕ್ಕೆಗಳ ಕೆಳಗೆ, ಒಂದು ಬಾಲದಲ್ಲಿ. ಹೊರಟು ಒಂದು ಗಂಟೆ ಏಳು ನಿಮಿಷಕ್ಕೆ, 37,000 ಅಡಿ ಮೇಲೆ, ಬಾಲದ ಎಂಜಿನ್ನಿನ ಫ್ಯಾನ್ ತಟ್ಟೆ ಒಡೆಯಿತು. ಟೈಟಾನಿಯಂ ಎರಕ ಹೊಯ್ಯುವಾಗಲೇ ಒಳಗೆ ಒಂದು ಸಣ್ಣ ದೋಷ ಉಳಿದಿತ್ತು, ಅಲ್ಲಿಂದ ಬಿರುಕು ವರ್ಷಗಟ್ಟಲೆ ಬೆಳೆದಿತ್ತು, ತಪಾಸಣೆಯಲ್ಲಿ ಕಣ್ಣಿಗೆ ಬೀಳಲಿಲ್ಲ. ಒಂದು ಎಂಜಿನ್ ಹೋದರೆ ಡಿಸಿ-10 ಆರಾಮಾಗಿ ಹಾರುತ್ತೆ. ಆದರೆ ಸಿಡಿದ ಚೂರುಗಳು ಬಾಲದಲ್ಲಿದ್ದ ಹೈಡ್ರಾಲಿಕ್ ಕೊಳವೆಗಳನ್ನು ಸೀಳಿದವು. ವಿಮಾನವನ್ನು ತಿರುಗಿಸುವ, ಏರಿಸಿ ಇಳಿಸುವ ಹಲಗೆಗಳು ಆಡುವುದು ಈ ಕೊಳವೆಗಳ ಎಣ್ಣೆಯ ಒತ್ತಡದಿಂದ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತಲೇ ಮೂರು ವ್ಯವಸ್ಥೆ ಇಟ್ಟಿದ್ದರು. ಮೂರರಲ್ಲೂ ಎಣ್ಣೆ ಸೋರಿಹೋಯಿತು.

"ಅಂದ್ರೆ?" ಅಂದಳು.

ಅಂದರೆ ಕೈಯಲ್ಲಿರುವ ಚುಕ್ಕಾಣಿ ಸುಮ್ನೆ ಆಟಿಕೆ. ಎಳೆದರೂ ತಿರುಗಿಸಿದರೂ ವಿಮಾನಕ್ಕೆ ಕೇಳಿಸುವುದಿಲ್ಲ. ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲದ ಲಾರಿಯನ್ನು ಆಕ್ಸಿಲರೇಟರ್ ಒಂದರಲ್ಲೇ ಘಾಟಿ ಇಳಿಸಿದ ಹಾಗೆ. ಉಳಿದದ್ದು ಎರಡು ಎಂಜಿನ್‌ಗಳ ಥ್ರಾಟಲ್ ಮಾತ್ರ. ಒಂದನ್ನು ಹೆಚ್ಚಿಸಿ ಇನ್ನೊಂದನ್ನು ಕಡಿಮೆ ಮಾಡಿದರೆ ವಿಮಾನ ಸ್ವಲ್ಪ ವಾಲುತ್ತೆ. ಅಷ್ಟೇ. ಅದೂ ಬಲಕ್ಕೇ ಎಳೆಯುತ್ತಿತ್ತು, ಮೂಗು ಮೇಲೆ ಕೆಳಗೆ ತೂಗಾಡುತ್ತಿತ್ತು.

ಪ್ರಯಾಣಿಕರ ನಡುವೆ ಅದೇ ಕಂಪನಿಯ ಡಿಸಿ-10 ತರಬೇತುದಾರ ಡೆನ್ನಿ ಫಿಚ್ ಇದ್ದರು. ಹೇನ್ಸ್ ಅವರನ್ನು ಕಾಕ್‌ಪಿಟ್‌ಗೆ ಕರೆಸಿದರು. 1985ರಲ್ಲಿ ಜಪಾನ್ ಏರ್‌ಲೈನ್ಸ್‌ನ 123ನೇ ವಿಮಾನ ಇದೇ ಥರ ಹೈಡ್ರಾಲಿಕ್ ಕಳೆದುಕೊಂಡು ಬೆಟ್ಟಕ್ಕೆ ಬಡಿದು 520 ಜನ ಸತ್ತಿದ್ದರು. ಅದಾದ ಮೇಲೆ ಫಿಚ್ ಸಿಮ್ಯುಲೇಟರ್‌ನಲ್ಲಿ ಥ್ರಾಟಲ್‌ನಿಂದಲೇ ಹಾರಿಸಿ ನೋಡಿದ್ದವರು. ಹೇನ್ಸ್ ಎರಡು ಥ್ರಾಟಲ್ಲೂ ಅವರ ಕೈಗೆ ಕೊಟ್ಟುಬಿಟ್ಟರು.

ಸರ್ ಯಾವಾಗಲೂ ಇಲ್ಲಿ ನಿಲ್ಲಿಸುತ್ತಿದ್ದರು. ಕ್ಯಾಪ್ಟನ್ ಆದವನು ಇಡೀ ವಿಮಾನದಲ್ಲಿ ಕೆಲಸ ಮಾಡುತ್ತಿದ್ದ ಒಂದೇ ವಸ್ತುವನ್ನು ಬೇರೆಯವರ ಕೈಗೆ ಕೊಟ್ಟ, ಯೋಚಿಸಿ ನೋಡ್ರಪ್ಪಾ, ಅನ್ನುತ್ತಿದ್ದರು. ಹೇನ್ಸ್ ಆಮೇಲೆ ಹೇಳಿದ್ದೂ ಅದನ್ನೇ: ಕಾಕ್‌ಪಿಟ್‌ನಲ್ಲಿ ನಾಲ್ವರದ್ದು ಸೇರಿ 103 ವರ್ಷದ ಅನುಭವ ಇತ್ತು, ಅದರಲ್ಲಿ ಒಂದು ನಿಮಿಷವೂ ಇಂಥದ್ದನ್ನು ಅಭ್ಯಾಸ ಮಾಡಿದ್ದಲ್ಲ. ಹಾಗಿರುವಾಗ ನನ್ನ ಮಾತೇ ಹೆಚ್ಚು ಅಂತ ಯಾಕೆ ಅಂದುಕೊಳ್ಳಬೇಕು? ಹಿಂದಿನ ಕಾಲದಲ್ಲಿ ಹಾಗಿರಲಿಲ್ಲ. ಕ್ಯಾಪ್ಟನ್ ಅಂದರೆ ದೇವರು. 1978ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಇದೇ ಕಂಪನಿಯ ಡಿಸಿ-8 ಒಂದು ಚಕ್ರದ ತೊಂದರೆ ನೋಡುತ್ತಾ ಸುತ್ತಿ ಸುತ್ತಿ ಇಂಧನ ಮುಗಿದು ಬಿತ್ತು, 10 ಜನ ಹೋದರು. ಇಂಧನ ಕಡಿಮೆ ಆಗುತ್ತಿದ್ದದ್ದು ಜೊತೆಗಿದ್ದವರಿಗೆ ಕಾಣುತ್ತಿತ್ತು, ಕ್ಯಾಪ್ಟನ್ ಕಿವಿಗೆ ನಾಟುವ ಹಾಗೆ ಹೇಳಲಿಲ್ಲ. ಆಮೇಲೆ ಯುನೈಟೆಡ್ ಕಾಕ್‌ಪಿಟ್‌ನಲ್ಲಿ ಎಲ್ಲರೂ ಬಾಯಿ ಬಿಡುವುದನ್ನು ಪಾಠ ಮಾಡಿ ಕಲಿಸೋಕೆ ಶುರು ಮಾಡಿತು. ಆ ಪಾಠ ಇಲ್ಲದಿದ್ದರೆ ಸೂ ಸಿಟಿವರೆಗೂ ಬರುತ್ತಿರಲಿಲ್ಲ ಅಂತ ಹೇನ್ಸ್ ಹೋದಲ್ಲೆಲ್ಲಾ ಹೇಳಿದರು.

ನಮ್ಮ ಸರ್ ಇದನ್ನು ಒಂದು ಪ್ರಶ್ನೆಗೆ ಇಳಿಸಿದ್ದರು. ಇಳಿಯಲು ಶುರು ಮಾಡುವ ಮುಂಚೆ, ಬ್ರೀಫಿಂಗ್ ಎಲ್ಲಾ ಮುಗಿದ ಮೇಲೆ, ಬಲಗಡೆ ತಿರುಗಿ ಕೇಳುತ್ತಿದ್ದರು: "ನಾನು ಏನು ಮರೆತೆ ಹೇಳು." ಏನಾದ್ರೂ ಮರೆತೆನಾ ಅಂತ ಅಲ್ಲ. ಮರೆತಿದ್ದೀನಿ, ಅದು ಖಂಡಿತ, ಏನು ಅಂತ ಹುಡುಕು, ಅನ್ನುವ ಧಾಟಿ. ಮೊದಮೊದಲು ಬೆವರು ಬರುತ್ತಿತ್ತು. ಆಮೇಲೆ ಅದಕ್ಕೋಸ್ಕರವೇ ಕಣ್ಣು ಬಿಟ್ಟುಕೊಂಡು ಕೂರೋದು ಅಭ್ಯಾಸ ಆಯಿತು.

ಅವಳು ಸ್ವಲ್ಪ ದೂರ ಮಾತಾಡಲಿಲ್ಲ. ಆಮೇಲೆ ಅಂದಳು, "ನಮ್ಮನೇಲಿ ಒಂದು ದಿನಾನೂ ಕೇಳಲಿಲ್ಲ ಅಣ್ಣ. ನಾನು ಯಾವ ಕಾಲೇಜು, ಏನು ಓದಬೇಕು, ಎಲ್ಲಾ ಅವರೇ. ಮನೇಲಿ ಎಡ ಸೀಟೂ ಅವರದ್ದೇ, ಬಲ ಸೀಟೂ ಅವರದ್ದೇ."

ಏನು ಹೇಳಬೇಕೋ ತಿಳಿಯಲಿಲ್ಲ. ನಾನು ಕಂಡ ಮನುಷ್ಯ ಬೇರೆ, ಅವಳು ಕಂಡ ಮನುಷ್ಯ ಬೇರೆ. ಒಮಾಹಾ ದಾಟಿ ಉತ್ತರಕ್ಕೆ ತಿರುಗಿದೆವು, ಕತ್ತಲಾಯಿತು.

ಮೂರನೇ ದಿನ, ಸೂ ಸಿಟಿ

ಮೊದಲು ವಿಮಾನ ನಿಲ್ದಾಣದ ಪಕ್ಕದ ವಸ್ತು ಸಂಗ್ರಹಾಲಯಕ್ಕೆ ಹೋದೆವು, 232ಕ್ಕೆ ಅಂತ ಅಲ್ಲಿ ಒಂದು ಜಾಗ ಇದೆ. ಅವಳು ಫೋಟೋಗಳ ಮುಂದೆ ನಿಂತೇ ಇದ್ದಳು. ಆಸ್ಪತ್ರೆ ವಿಷಯಕ್ಕೆ ಬಂದಾಗ ನನ್ನ ತೋಳು ಹಿಡಿದಳು. ವಿಮಾನ ಬಿದ್ದದ್ದು ಸಂಜೆ 4 ಗಂಟೆಗೆ. ಊರಿನ ಆಸ್ಪತ್ರೆಗಳಲ್ಲಿ ಶಿಫ್ಟ್ ಬದಲಾಗುವ ಹೊತ್ತು, ಹೋಗಬೇಕಿದ್ದವರೂ ಇದ್ದರು, ಬಂದವರೂ ಇದ್ದರು. ನಿಲ್ದಾಣದಲ್ಲೇ ಅಯೋವಾ ಏರ್ ನ್ಯಾಷನಲ್ ಗಾರ್ಡ್‌ನ, ಅಂದರೆ ಆ ರಾಜ್ಯದ ಮೀಸಲು ವಾಯುಪಡೆಯ, ತುಕಡಿ ಅವತ್ತು ಡ್ಯೂಟಿಯಲ್ಲಿತ್ತು. ಎರಡು ವರ್ಷ ಮುಂಚೆ ದೊಡ್ಡ ವಿಮಾನ ಬಿದ್ದರೆ ಏನು ಮಾಡಬೇಕು ಅಂತ ಊರಿನವರು ತಾಲೀಮು ಕೂಡ ಮಾಡಿದ್ದರು.

"ಶಿಫ್ಟ್ ಬದಲಾಗೋ ಹೊತ್ತಲ್ಲಿ ನಾವೆಲ್ಲಾ ಯಾವಾಗ ಮನೆಗೆ ಹೋಗ್ತೀವೋ ಅಂತ ಗಡಿಯಾರ ನೋಡ್ತಿರ್ತೀವಿ" ಅಂದಳು. "ಅವತ್ತು ಒಬ್ಬರೂ ಹೋಗಿರಲ್ಲ."

ಮಧ್ಯಾಹ್ನ ನದಿ ದಡದ ಸ್ಮಾರಕಕ್ಕೆ ಹೋದೆವು. ಗಾರ್ಡ್‌ನ ಅಧಿಕಾರಿಯೊಬ್ಬರು ಮೂರು ವರ್ಷದ ಹುಡುಗನನ್ನು ಎತ್ತಿಕೊಂಡು ಹೋಗುತ್ತಿರುವ ಪ್ರತಿಮೆ. ಅವತ್ತು ತೆಗೆದ ಫೋಟೋ ನೋಡಿ ಮಾಡಿದ್ದು. ಆ ಹುಡುಗ ಬದುಕಿದ, ಅವನ ತಾಯಿ ಬದುಕಲಿಲ್ಲ. ಮಡಿಲಲ್ಲಿ ಕೂತಿದ್ದ ಕೂಸುಗಳು ನಾಲ್ಕಿದ್ದವು. ಅವಕ್ಕೆ ಬೇರೆ ಸೀಟು ಇಲ್ಲ, ನೆಲದ ಮೇಲೆ ಇಟ್ಟು ಹಿಡಿದುಕೊಳ್ಳಿ ಅಂತ ಹೇಳಬೇಕು, ಆಗ ನಿಯಮ ಅಷ್ಟೇ. ಒಂದು ಕೂಸು ಉಳಿಯಲಿಲ್ಲ. ಹಾಗೆ ಹೇಳಿದ ಮುಖ್ಯ ಗಗನಸಖಿ ಜ್ಯಾನ್ ಬ್ರೌನ್ ಆಮೇಲೆ ವರ್ಷಗಟ್ಟಲೆ, ಕೂಸಿಗೂ ಅದರದೇ ಸೀಟು ಬೇಕು ಅಂತ ಅಧಿಕಾರಿಗಳ ಬಾಗಿಲು ತಟ್ಟಿದರು.

ನಾಲ್ಕಕ್ಕೆ ಸರಿಯಾಗಿ ವಿಮಾನ ನಿಲ್ದಾಣದ ಬೇಲಿ ಹತ್ತಿರ ವಾಪಸ್ ಬಂದೆವು. ಬಿಸಿಲು, ಗಾಳಿ, ಬೇಲಿಯಾಚೆ ಹಸಿರು. ಟವರ್‌ನವರು ಹೇನ್ಸ್‌ಗೆ ಯಾವ ರನ್‌ವೇ ಮೇಲಾದರೂ ಇಳಿಯಬಹುದು ಅಂದಾಗ, ಓಹೋ, ರನ್‌ವೇನೇ ಆಗಬೇಕಾ ಅಂತ ಹೇನ್ಸ್ ನಕ್ಕರು. ಸರ್ ಇದನ್ನು ಹೇಳುವಾಗ ಪ್ರತಿ ಸಲ ಹೊಸದಾಗಿ ಕೇಳಿದವರ ಹಾಗೆ ನಗುತ್ತಿದ್ದರು. 31ನೇ ರನ್‌ವೇಗೆ ಅಂತ ಹೊರಟ ವಿಮಾನ, ಮುಚ್ಚಿದ್ದ 22ಕ್ಕೆ ನೇರವಾಗಿ ಬಂತು. ಅಲ್ಲಿ ನಿಂತಿದ್ದ ಅಗ್ನಿಶಾಮಕ ವಾಹನಗಳು ಗಡಿಬಿಡಿಯಲ್ಲಿ ಪಕ್ಕಕ್ಕೆ ಸರಿದವು. ವೇಗ 215 ನಾಟ್, ಮಾಮೂಲಿಗೆ 140ರ ಆಸುಪಾಸು ಇರಬೇಕು. ಕೊನೇ ಕ್ಷಣದಲ್ಲಿ ಬಲ ರೆಕ್ಕೆ ವಾಲಿ ನೆಲಕ್ಕೆ ತಾಗಿತು. ಎಂಜಿನ್ ಒಡೆದು 44 ನಿಮಿಷ ಆಗಿತ್ತು. 112 ಜನ ಸತ್ತರು, 184 ಜನ ಉಳಿದರು. ಕಾಕ್‌ಪಿಟ್ ಮುದ್ದೆಯಾಗಿ ಬಿದ್ದಿತ್ತು, ಅದರಲ್ಲಿ ಯಾರೂ ಉಳಿದಿರಲ್ಲ ಅಂದುಕೊಂಡು ಮೊದಲು ಯಾರೂ ಹತ್ತಿರ ಹೋಗಿರಲಿಲ್ಲ. 35 ನಿಮಿಷ ಆದಮೇಲೆ ನೋಡಿದರೆ ಒಳಗೆ ನಾಲ್ವರೂ ಜೀವಂತ.

ಆಮೇಲೆ ಸಿಮ್ಯುಲೇಟರ್‌ನಲ್ಲಿ ಅದೇ ಪರಿಸ್ಥಿತಿ ಹಾಕಿ ಬೇರೆ ಪೈಲಟ್‌ಗಳನ್ನು ಕೂರಿಸಿದರು. ಸರಿಯಾಗಿ ಇಳಿಸುವುದು ಆಗಲಿಲ್ಲ. ತನಿಖೆಯವರೇ, ಇದನ್ನು ತರಬೇತಿ ಕೊಟ್ಟು ಕಲಿಸುವ ಹಾಗಿಲ್ಲ ಅಂದರು. ಅಷ್ಟಾದರೂ ಹೇನ್ಸ್‌ಗೆ ಹೀರೋ ಅಂದರೆ ಆಗುತ್ತಿರಲಿಲ್ಲ. 1991ರಲ್ಲಿ ನಿವೃತ್ತಿ ಆಗಿ ಊರೂರು ತಿರುಗಿ ಮಾತಾಡಿದರು. ಪಟ್ಟಿಯಲ್ಲಿ ಮೊದಲು ಬರುತ್ತಿದ್ದದ್ದು ಅದೃಷ್ಟ. 2019ರ ಆಗಸ್ಟ್‌ನಲ್ಲಿ ತೀರಿಕೊಂಡಾಗ 88ಕ್ಕೆ ಕೆಲವೇ ದಿನ ಬಾಕಿ ಇತ್ತು. ಅವತ್ತು ಸರ್ ನನಗೆ ಫೋನ್ ಮಾಡಿ "ಹೇನ್ಸ್ ಹೋದ್ರು ಕಣಪ್ಪಾ" ಅಂದರು, ಮನೆ ಹಿರಿಯರು ಹೋದ ಹಾಗೆ.

ನಾಲ್ಕನೇ ದಿನ, ಆಲ್ಟಾ

ಸೂ ಸಿಟಿಯಿಂದ ಪೂರ್ವಕ್ಕೆ ನೂರು ಕಿಲೋಮೀಟರ್ ಚಿಲ್ಲರೆ. ಒಡೆದ ಫ್ಯಾನ್ ತಟ್ಟೆ ಬಿದ್ದದ್ದು ಈ ಕಡೆ. ಮೂರು ತಿಂಗಳು ಹುಡುಕಿದರೂ ಸಿಕ್ಕಿರಲಿಲ್ಲ. ಅಕ್ಟೋಬರ್‌ನಲ್ಲಿ ರೈತ ಮಹಿಳೆಯೊಬ್ಬರು ಮೆಕ್ಕೆಜೋಳ ಕೊಯ್ಯುವ ಯಂತ್ರ ಓಡಿಸುತ್ತಿದ್ದಾಗ ಏನೋ ಅಡ್ಡ ಸಿಕ್ಕಿತು, ಇಳಿದು ನೋಡಿದರೆ ಅದೇ ತಟ್ಟೆ, ಬ್ಲೇಡುಗಳ ಸಮೇತ. ಅದು ಸಿಕ್ಕಿದ್ದಕ್ಕೆ ಬಿರುಕು ಎಲ್ಲಿ ಶುರುವಾಯಿತು ಅಂತ ಗೊತ್ತಾಯಿತು.

ಯಾವ ಹೊಲ ಅಂತ ನಮಗೆ ಗೊತ್ತಿರಲಿಲ್ಲ, ಕೇಳಲೂ ಹೋಗಲಿಲ್ಲ. ರಸ್ತೆ ಪಕ್ಕ ಕಾರು ನಿಲ್ಲಿಸಿದೆವು. ಜೋಳ ತಲೆಗಿಂತ ಎತ್ತರ, ಗಾಳಿಗೆ ಎಲೆ ಎಲೆಗೆ ಉಜ್ಜಿ ಸರಸರ ಅನ್ನುತ್ತಿತ್ತು. ಒಳಗೆ ಎರಡು ಹೆಜ್ಜೆ ಇಟ್ಟರೆ ಮನುಷ್ಯನೇ ಕಾಣುವುದಿಲ್ಲ, ಇನ್ನು ತಟ್ಟೆ ಎಲ್ಲಿಂದ ಕಾಣಬೇಕು.

ಅಲ್ಲೇ ಬಾನೆಟ್ ಮೇಲೆ ಶೂ ಡಬ್ಬ ಇಟ್ಟುಕೊಂಡು, ನಾನು ಅವರ ಜೊತೆ ಹಾರಿದ ಮೊದಲ ವರ್ಷದ ಡೈರಿ ಹುಡುಕಿದೆ. ಒಂದು ದಿನ ನನಗೆ ಬೇಕಿತ್ತು. ಆ ದಿನದ ಬಗ್ಗೆ ಇದುವರೆಗೆ ಯಾರ ಹತ್ತಿರವೂ ಹೇಳಿಲ್ಲ.

ಮಳೆ, ಮೋಡ. ಅವರು ಹಾರಿಸುತ್ತಿದ್ದರು, ನಾನು ನೋಡುವ ಕೆಲಸದಲ್ಲಿ. ವೇಗ ಇರಬೇಕಾದ್ದಕ್ಕಿಂತ 20 ನಾಟ್ ಜಾಸ್ತಿ ಇತ್ತು. ಮೋಡದಲ್ಲಿ ಇಳಿಯುವಾಗ 1,000 ಅಡಿಗೆ ಎಲ್ಲಾ ಸರಿ ಇರಬೇಕು, ಇಲ್ಲದಿದ್ದರೆ ಮರುಮಾತಿಲ್ಲದೆ ಮೇಲೇರಬೇಕು. 1,000 ದಾಟಿತು. ನಾನು ಮುಳ್ಳನ್ನೇ ನೋಡುತ್ತಿದ್ದೆ, ನಾಲಿಗೆ ಏಳಲಿಲ್ಲ. ಇಷ್ಟು ದೊಡ್ಡವರು, ಅವರಿಗೆ ಕಾಣದೆ ಇರುತ್ತಾ ಅಂತ. 400 ಅಡಿ ಹತ್ತಿರ ಅವರೇ "ಗೋ-ಅರೌಂಡ್" ಅಂದು ಥ್ರಾಟಲ್ ತಳ್ಳಿದರು. ಇನ್ನೊಂದು ಸುತ್ತು ಹಾಕಿ ಇಳಿದೆವು. ಎಂಜಿನ್ ಆರಿಸಿದ ಮೇಲೆ ಕೇಳಿದರು, "ನೀನು ನೋಡಿದ್ದೆ ಅಲ್ವಾ?"

"ನೋಡಿದ್ದೆ ಸರ್."

"ಹೂಂ" ಅಂದರು. ಡೈರಿ ತೆಗೆದು ಗೀಚಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ಹಾರಾಟದಿಂದ "ನಾನು ಏನು ಮರೆತೆ ಹೇಳು" ಶುರುವಾಯಿತು. ಇವನು ಪುಕ್ಕಲ, ಇವನ ಬಾಯಿ ಬಿಡಿಸಬೇಕು ಅಂತ ಕೇಳುತ್ತಿದ್ದಾರೆ ಅಂತಲೇ ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಡೈರಿಯಲ್ಲಿ ನನ್ನ ಬಗ್ಗೆ ಏನು ಬರೆದಿರುತ್ತಾರೆ ಅಂತಲೂ ಗೊತ್ತಿತ್ತು ಅಂದುಕೊಂಡಿದ್ದೆ.

ತಾರೀಖು ಸಿಕ್ಕಿತು. ಪೆನ್ಸಿಲ್ ಮಾಸಿತ್ತು, ಬಿಸಿಲಿಗೆ ಹಿಡಿದು ಓದಿದೆ.

"ಹುಡುಗ ಸುಮ್ಮನಿದ್ದ. ಹೇಳಬಹುದು ಅಂತ ನಾನು ಅವನಿಗೆ ಹೇಳಿರಲಿಲ್ಲ."

ಎರಡು ಸಲ ಓದಿ ಅವಳ ಕೈಗೆ ಕೊಟ್ಟೆ. ಅವಳೂ ಓದಿದಳು. ಹಿಂದೆ ಮುಂದೆ ಪುಟ ತಿರುವಿದಳು. ಆ ಡೈರಿಯಲ್ಲಿ ಹಾರಾಟ ಇಲ್ಲದ ದಿನಗಳೆಲ್ಲಾ ಖಾಲಿ ಬಿಟ್ಟಿದ್ದರು. ಅವಳು ಯಾವ ದಿನ ಹುಡುಕುತ್ತಿದ್ದಳೋ, ನಾನು ಕೇಳಲಿಲ್ಲ. "ಮನೇಲಿರೋ ದಿನಾನೂ ಬರೆದಿದ್ರೆ ಒಂದು ಡಬ್ಬ ಸಾಕಾಗ್ತಿರಲಿಲ್ಲ ಬಿಡಿ" ಅಂದಳು. ಕೋಪವೋ ತಮಾಷೆಯೋ ಗೊತ್ತಾಗಲಿಲ್ಲ, ಎರಡೂ ಇರಬೇಕು.

ಅವತ್ತು 20ನೇ ಹೆದ್ದಾರಿ ಹಿಡಿದು ಡುಬ್ಯೂಕ್‌ವರೆಗೆ ಬಂದು ಮಲಗಿದೆವು.

ಐದನೇ ದಿನ, ಷಿಕಾಗೋ

ಬೆಳಿಗ್ಗೆ ಮಿಸಿಸಿಪ್ಪಿ ದಾಟಿದೆವು. ಈವತ್ತು ಕಾರು ನಾನು ಓಡಿಸಿದೆ, ಅವಳು ಪಕ್ಕದಲ್ಲಿ ಡಬ್ಬ ತೊಡೆ ಮೇಲಿಟ್ಟುಕೊಂಡು ಓದುತ್ತಾ ಬಂದಳು. ಮಧ್ಯೆ ಮಧ್ಯೆ ಜೋರಾಗಿ ಓದುತ್ತಿದ್ದಳು. "ಎರಡನೇ ಎಂಜಿನ್ ಆಂಟಿ-ಐಸ್." "ಗಗನಸಖಿ ಹೆಸರು." "ಕನ್ನಡಕ." ಕನ್ನಡಕ ಅಂತ ಆರು ಕಡೆ ಇದೆ. ನಿವೃತ್ತಿ ಹತ್ತಿರ ಬಂದ ಹಾಗೆ ಕನ್ನಡಕ ಜಾಸ್ತಿ ಆಗಿದೆ.

ಊರು ಹತ್ತಿರವಾಯಿತು, ರಸ್ತೆಯಲ್ಲಿ ಲೇನುಗಳು ಹೆಚ್ಚಾದವು, ಓಹೇರ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ತಲೆ ಮೇಲೆ ಸಾಲಾಗಿ ಬರೋಕೆ ಶುರುವಾದವು. ಅಭ್ಯಾಸ ಬಲ, ಪ್ರತಿಯೊಂದರ ಚಕ್ರ ಇಳಿದಿದೆಯಾ ಅಂತ ನೋಡುತ್ತಿದ್ದೆ.

"ಅಣ್ಣ, ಕೊನೇ ಡೈರಿ. ಕೊನೇ ಹಾರಾಟ" ಅಂದಳು.

"ಓದು."

"ಏನೂ ಮರೆತಿಲ್ಲ ಅನ್ನಿಸ್ತಿದೆ." ಸ್ವಲ್ಪ ನಿಲ್ಲಿಸಿದಳು. "ಅದೇ ಅನುಮಾನ."

ಇಬ್ಬರಿಗೂ ನಗು ಬಂತು. ಅವಳು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಆ ಗಲಾಟೆಯಲ್ಲಿ ಓಹೇರ್‌ಗೆ ತಿರುಗುವ ದಾರಿ ಹಿಂದೆ ಹೋಗಿಬಿಟ್ಟಿತ್ತು.

"ನೀನು ನೋಡಿದ್ದೆ ಅಲ್ವಾ?" ಅಂದೆ.

"ನೋಡಿದ್ದೆ ಅಣ್ಣ" ಅಂದಳು.